ಚಮಚದ ಅಳತೆ

ಗ್ರೀಸಿನ ಹಳ್ಳಿಮನೆಗಳಲ್ಲಿ ಬಂದವರ ಮುಂದೆ ಮೊದಲು ಇಡುವ ವಸ್ತು ಎಷ್ಟು ಸಣ್ಣದೆಂದರೆ, ನಮ್ಮ ಕಡೆಯ ಹೆಂಗಸರಾದರೆ ಅಷ್ಟನ್ನು ತಂದಿಡಲು ನಾಚಿ ಒಳಗೇ ನಿಂತುಬಿಟ್ಟಾರು. ಅಂಗೈಯಗಲದ ಗಾಜಿನ ತಟ್ಟೆ. ಅದರಲ್ಲಿ ಸಕ್ಕರೆಪಾಕದಲ್ಲಿ ಬೆಂದ ಒಂದೇ ಒಂದು ಹಣ್ಣು, ಇಲ್ಲವೇ ಹಣ್ಣಿನ ಸಿಪ್ಪೆಯ ಒಂದು ಸುರುಳಿ. ಪಕ್ಕಕ್ಕೊಂದು ಚಮಚ, ಒಂದು ಲೋಟ ತಣ್ಣೀರು. ಅಷ್ಟೇ. ಗ್ಲಿಕೊ ತೂ ಕುತಲ್ಯೂ ಎಂದು ಅದರ ಹೆಸರು, ಚಮಚದ ಸಿಹಿ. ತಿಂದವರು ಮಾಡಿದ ಕೈಗಳಿಗೆ ಆರೋಗ್ಯವಿರಲಿ ಎಂದು ಹಾರೈಸಬೇಕು, ನೀರು ಕುಡಿದು ಚಮಚವನ್ನು ಲೋಟದೊಳಗೆ ಇಡಬೇಕು. ‘ಇನ್ನೊಂದು ಹಾಕಲಾ?’ ಎಂದು ಯಾರೂ ಕೇಳುವುದಿಲ್ಲ. ಕೇಳಿಯಾರು ಎಂದು ಕಾಯುತ್ತ ಕೂರುವುದೂ ಚೆಂದವಲ್ಲ.

ಬ್ಯಾಂಕಿನ ಕೆಲಸದಿಂದ ನಿವೃತ್ತಳಾದ ಮೇಲೆ ಗ್ರೀಸಿನ ದಕ್ಷಿಣದ ಪೆಲೊಪೊನೀಸನ್ನು ಒಬ್ಬಳೇ ಕಾರಿನಲ್ಲಿ ಸುತ್ತಬೇಕೆಂದು ಹೊರಟೆ. ಶಿರಸಿಯ ಆರ್‌ಟಿಓದಲ್ಲಿ ಅಂತರರಾಷ್ಟ್ರೀಯ ಪರವಾನಗಿ ಮಾಡಿಸುವಾಗ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ ‘ಒಬ್ರೇನಾ ಮೇಡಂ?’ ಎಂದಿದ್ದರು. ಅಥೆನ್ಸಿನಲ್ಲಿ ಬಾಡಿಗೆ ಕಾರು ತೆಗೆದುಕೊಂಡು, ರಸ್ತೆಯ ಬಲಬದಿಗೆ ನನ್ನನ್ನು ನಾನೇ ಒಗ್ಗಿಸಿಕೊಳ್ಳುತ್ತ ಕೊರಿಂತ್ ಕಾಲುವೆ ದಾಟಿದ ಮೇಲೆ ಇದೇ ಪ್ರಶ್ನೆ ಊರೂರಿಗೂ ಎದುರಾಯಿತು. ಒಬ್ಬಳೇನಾ? ಗಂಡ ಎಲ್ಲಿ? ಮಕ್ಕಳೆಷ್ಟು? ಮಗನಿಗೆ ಮದುವೆ ಯಾಕೆ ಆಗಿಲ್ಲ? ಯುರೋಪಿನಲ್ಲಿ ಯಾರೂ ಯಾರ ಸುದ್ದಿಗೂ ಹೋಗುವುದಿಲ್ಲ ಎಂದು ನನಗೆ ಹೇಳಿ ಕಳಿಸಿದವರು ಉತ್ತರದ ಕಡೆ ಮಾತ್ರ ಹೋಗಿ ಬಂದಿರಬೇಕು. ಆದರೆ ಒಂದು ಕ್ರಮ ಗಮನಕ್ಕೆ ಬಂತು. ಈ ಪ್ರಶ್ನೆಗಳೆಲ್ಲ ಶುರುವಾಗುತ್ತಿದ್ದುದು ನಾನು ಚಮಚ ಕೆಳಗಿಟ್ಟ ಮೇಲೆಯೇ.

ಮೊದಲ ಚಮಚ ಸಿಕ್ಕಿದ್ದು ಲಿಯೊನಿದಿಯೊದಲ್ಲಿ. ಕೆಂಪು ಬಂಡೆಗಳ ಗೋಡೆಯ ಕೆಳಗೆ, ಸಮುದ್ರಕ್ಕೆ ಹತ್ತಿರದಲ್ಲಿ ಇರುವ ಊರು. ಪ್ರಾಚೀನ ಸ್ಪಾರ್ಟಾದವರು ಆಡುತ್ತಿದ್ದ ಡೋರಿಕ್ ಗ್ರೀಕಿನಿಂದ ಇಳಿದುಬಂದ ತ್ಸಾಕೋನಿಯನ್ ನುಡಿ ಈ ಸೀಮೆಯ ಹಿರಿಯರ ಬಾಯಲ್ಲಿ ಇನ್ನೂ ಉಳಿದಿದೆ. ಊರು ಹೆಸರಾಗಿರುವುದು ಬದನೆಕಾಯಿಯಿಂದಲೂ ಹೌದು. ಉದ್ದನೆಯ, ತಿಳಿನೇರಳೆ ಮೈಗೆ ಬಿಳಿ ಗೀರುಗಳಿರುವ, ಕಹಿಯಿಲ್ಲದ ಬದನೆ. ನಮ್ಮ ಮಟ್ಟುಗುಳ್ಳಕ್ಕೆ ಇರುವಂತೆ ಅದಕ್ಕೂ ಊರಿನ ಹೆಸರಿನ ಕಾಯ್ದೆಬದ್ಧ ರಕ್ಷಣೆ ಇದೆ. ನಾನು ಇಳಿದುಕೊಂಡ ಮನೆಯ ಯಜಮಾನಿ ತಂದಿಟ್ಟದ್ದು ಬೆರಳುದ್ದದ ಇಡೀ ಬದನೆ: ಹೊಟ್ಟೆಯಲ್ಲಿ ಬಾದಾಮಿ, ಪಾಕದಲ್ಲಿ ಲವಂಗದ ಪರಿಮಳ. ಬದನೆಕಾಯಿಯನ್ನು ಸಿಹಿ ಮಾಡುವುದೆಂದರೆ ನನ್ನ ಮಟ್ಟಿಗೆ ಅಪಚಾರ. ಆದರೆ ಆಕೆ ಎದುರಿಗೆ ಸ್ಟೂಲಿನ ಮೇಲೆ ಕೈಕಟ್ಟಿ ಕೂತು ನನ್ನ ಬಾಯನ್ನೇ ನೋಡುತ್ತಿದ್ದಳು. ತಿಂದೆ. ಎರಡನೆಯದು ಸಿಗುವುದಿಲ್ಲವಲ್ಲ ಎಂದು ಬೇಜಾರಾಗುವಷ್ಟು ಚೆನ್ನಾಗಿತ್ತು.

ಆಕೆಯ ಬೆರಳ ತುದಿಗಳೆಲ್ಲ ಕಪ್ಪಾಗಿದ್ದವು. ಜೂನ್ ತಿಂಗಳು, ಒಳಗಿನ ಚಿಪ್ಪು ಗಟ್ಟಿಯಾಗುವ ಮೊದಲೇ ಎಳೆ ಅಕ್ರೋಟು ಕೊಯ್ದು ಸಿಪ್ಪೆ ಹೆರೆಯುವ ಕಾಲ. ಅಡುಗೆಮನೆಯಲ್ಲಿ ದೊಡ್ಡ ಬೋಗುಣಿ ತುಂಬ ಅಕ್ರೋಟುಕಾಯಿ ನೀರಿನಲ್ಲಿ ನೆನೆದಿತ್ತು. ಕಹಿ ಇಳಿಯಲು ದಿನಗಟ್ಟಲೆ ನೀರು ಬದಲಾಯಿಸಬೇಕು. ಕೆಲವು ಹಣ್ಣುಗಳನ್ನು, ಕುಂಬಳವನ್ನು ಪಾಕಕ್ಕೆ ಹಾಕುವ ಮೊದಲು ಸುಣ್ಣದ ತಿಳಿನೀರಿನಲ್ಲಿ ಮುಳುಗಿಸಿಡುತ್ತಾರೆ, ಬೆಂದರೂ ಕರಗದೆ ಕರಕರ ಇರಲೆಂದು. ಚಳಿಗಾಲಕ್ಕೆ ಕಹಿಕಿತ್ತಳೆಯ ಸಿಪ್ಪೆ, ಬೇಸಿಗೆಗೆ ಹುಳಿ ಚೆರಿ, ಆಮೇಲೆ ದ್ರಾಕ್ಷಿ, ಕ್ವಿನ್ಸ್. ವರ್ಷವಿಡೀ ಯಾರಾದರೂ ಬಂದಾರು ಎಂಬ ಒಂದೇ ಕಾರಣಕ್ಕೆ ನಡೆಯುವ ಕೆಲಸ ಇದು. ಒಂದು ಚಮಚದ ಹಿಂದೆ ಎಷ್ಟು ದಿನಗಳ ಕೈ ಇದೆಯೆಂದು ಆ ಕಪ್ಪು ಬೆರಳುಗಳನ್ನು ನೋಡಿದ ಮೇಲೆ ‘ಇಷ್ಟೇನಾ’ ಎನ್ನುವುದನ್ನು ಬಿಟ್ಟೆ.

ಬದನೆಯೂ ಸಕ್ಕರೆಯೂ ಆ ನೆಲದವಲ್ಲ. ಎರಡೂ ನಮ್ಮ ದಿಕ್ಕಿನಿಂದ ಹೋದವು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಅಲೆಕ್ಸಾಂಡರನ ಜೊತೆ ಸಿಂಧೂ ತೀರಕ್ಕೆ ಬಂದಿದ್ದ ನೌಕಾಧಿಪತಿ ನಿಯಾರ್ಕಸ್, ಜೇನುನೊಣವಿಲ್ಲದೆಯೇ ಜೇನು ಕೊಡುವ ಜೊಂಡು ಇಂಡಿಯಾದಲ್ಲಿದೆ ಎಂದು ಬರೆದದ್ದನ್ನು ಸ್ಟ್ರಾಬೊ ತನ್ನ ಭೂಗೋಳದ ಗ್ರಂಥದಲ್ಲಿ ಉಳಿಸಿದ್ದಾನೆ. ಕಬ್ಬು ಕಂಡು ಅವರಿಗೆ ಆದ ಬೆರಗು ಅದು. ಆ ಜೊಂಡು ಪರ್ಷಿಯಾ ದಾಟಿ, ಅರಬರ ಕೈ ಹಿಡಿದು ಮೆಡಿಟರೇನಿಯನ್ ತಲುಪಲು ಸಾವಿರ ವರ್ಷಕ್ಕೂ ಮಿಕ್ಕಿ ಹಿಡಿಯಿತು. ಮಧ್ಯಯುಗದಲ್ಲಿ ಸೈಪ್ರಸ್ಸಿನಲ್ಲಿ ಗಾಣಗಳು ತಿರುಗಿ ಸಕ್ಕರೆ ಯುರೋಪಿಗೆ ಹೋಗುತ್ತಿದ್ದರೂ ಹಳ್ಳಿಯವರಿಗೆ ಅದು ಎಟುಕುತ್ತಿರಲಿಲ್ಲ. ಅವರಿಗೆ ಜೇನು, ದ್ರಾಕ್ಷಿರಸ ಬತ್ತಿಸಿದ ಪೆತಿಮೇಜಿ. ಹತ್ತೊಂಬತ್ತನೆಯ ಶತಮಾನದಲ್ಲಿ ಬೀಟ್ ಸಕ್ಕರೆ ಬಂದು ಬೆಲೆ ಇಳಿಯುವವರೆಗೂ ಸಕ್ಕರೆ ತೂಕ ಮಾಡಿ ಖರ್ಚು ಮಾಡುವ ವಸ್ತು. ಇದ್ದವರ ಮನೆಯಲ್ಲಿ ಬೆಳ್ಳಿಯ ಬಟ್ಟಲಿನ ಸುತ್ತ ಚಮಚಗಳನ್ನು ತೂಗುಹಾಕಿ ತರುತ್ತಿದ್ದರು. ಬಂದವರು ಒಂದೊಂದು ಚಮಚ ತೆಗೆದು, ಒಂದೇ ಸಲ ಅದ್ದಿ ತಿಂದು, ಎಂಜಲು ಚಮಚವನ್ನು ನೀರಿನ ಲೋಟಕ್ಕೆ ಹಾಕಬೇಕು. ಮತ್ತೆ ಬಟ್ಟಲಿಗೆ ಕೈ ಹೋಗುವ ದಾರಿಯೇ ಬಂದ್. ಇದನ್ನು ರೂಢಿಗೆ ತಂದವರು ಯಾರೋ ಗೊತ್ತಿಲ್ಲ, ಬ್ಯಾಂಕಿನಲ್ಲಿದ್ದಿದ್ದರೆ ಒಳ್ಳೆಯ ಆಡಿಟರ್ ಆಗುತ್ತಿದ್ದರು.

ನನ್ನ ಅಜ್ಜಿಯ ಮನೆ ಘಟ್ಟದ ರಸ್ತೆಯ ಪಕ್ಕದಲ್ಲಿತ್ತು. ಯಾರೇ ಬಂದರೂ ಜಗಲಿಯಲ್ಲಿ ಕೂರಿಸಿ ಒಂದು ತುಂಡು ಬೆಲ್ಲ, ಒಂದು ತಂಬಿಗೆ ನೀರು. ಅಲ್ಲಿಯವರೆಗೆ ಗ್ರೀಸಿನ ಹಳ್ಳಿಗೂ ನಮಗೂ ವ್ಯತ್ಯಾಸವಿಲ್ಲ. ವ್ಯತ್ಯಾಸ ಆಮೇಲೆ. ‘ಆಸರಿಗೆ ಎಂತ ಮಾಡ್ಲಿ?’ ಎಂದು ಶುರುವಾದದ್ದು ಊಟಕ್ಕೆ ನಿಲ್ಲಿಸಿ, ಎಲೆಯ ಮೇಲೆ ಅಡ್ಡ ಹಿಡಿದ ಕೈಯ ಸಂದಿಯಿಂದ ಹೋಳಿಗೆ ಜಾರಿಸಿ, ‘ಇವತ್ತು ಉಳೀರಿ, ಬಸ್ಸು ನಾಳೆಯೂ ಬರ್ತದೆ’ ಎಂಬಲ್ಲಿಗೆ ಹೋಗುತ್ತಿತ್ತು. ಉಪಚಾರ ಮಾಡುವವರಿಗೆ ಅದು ಪ್ರೀತಿ. ಮಾಡಿಸಿಕೊಳ್ಳುವವರಿಗೆ ಕೆಲವೊಮ್ಮೆ ದಸ್ತಗಿರಿ. ಮದುವೆಯಾದ ಹೊಸತರಲ್ಲಿ ಗಂಡನ ನೆಂಟರ ಮನೆಗಳಿಗೆ ಹೋಗಿ ಬಂದು ಹೊಟ್ಟೆ ಹಿಡಿದುಕೊಂಡು ಮಲಗಿದವಳು ನಾನು. ಅಷ್ಟು ಬಡಿಸಿದ ಅತ್ತೆಯರ ಕೈ ಆಮೇಲಿನ ತಿಂಗಳಲ್ಲಿ ಹೇಗೆ ಬಿಗಿಯಾಗುತ್ತಿತ್ತು ಎಂಬುದೂ ನಂತರ ತಿಳಿಯಿತು.

ಈ ಅಳತೆಯ ಚಿಂತೆ ಹೋಮರನಿಗೂ ಇತ್ತು. ‘ಒಡಿಸ್ಸಿ’ಯಲ್ಲಿ ತಂದೆಯ ಸುದ್ದಿ ಹುಡುಕುತ್ತ ಹೊರಡುವ ತರುಣ ಟೆಲಿಮಾಕಸ್ ಸುತ್ತುವುದು ಇದೇ ಪೆಲೊಪೊನೀಸ್. ಪೀಲೊಸ್‌ನಿಂದ ಸ್ಪಾರ್ಟಾಕ್ಕೆ ರಥದಲ್ಲಿ ಎರಡು ದಿನ, ನಡುವೆ ಒಂದು ರಾತ್ರಿ ಡಯೊಕ್ಲಿಸ್ ಎಂಬವನ ಮನೆಯಲ್ಲಿ ವಸತಿ. (ನಡುವೆ 2400 ಮೀಟರ್ ಎತ್ತರದ ತೈಗೆಟಸ್ ಬೆಟ್ಟಸಾಲು ನಿಂತಿರುವುದನ್ನು ಕವಿ ಮರೆತಿದ್ದಾನೆ. ಹಿಮ್ಮುರಿ ತಿರುವುಗಳಲ್ಲಿ ಎರಡನೇ ಗೇರಿನಲ್ಲಿ ನರಳುವ ಕಾರಿಗೆ ಅದನ್ನು ಮರೆಯುವ ಸೌಲಭ್ಯವಿಲ್ಲ.) ಸ್ಪಾರ್ಟಾದಲ್ಲಿ ರಾಜ ಮೆನೆಲಾಸ್‌ನ ಸೇವಕ ‘ಇವರ ಕುದುರೆ ಬಿಚ್ಚಿಸಲೋ, ಬೇರೆ ಮನೆಗೆ ಕಳಿಸಲೋ’ ಎಂದು ಕೇಳುತ್ತಾನೆ. ಮೆನೆಲಾಸ್ ಸಿಟ್ಟಾಗುತ್ತಾನೆ: ನಾವು ಊರು ಸೇರಿದ್ದೇ ಬೇರೆಯವರ ಮನೆಯಲ್ಲಿ ಉಂಡುಕೊಂಡು, ಇದೆಂಥ ಹುಚ್ಚು ಪ್ರಶ್ನೆ! ಆದರೆ ಹುಡುಗ ಹೊರಡುತ್ತೇನೆಂದಾಗ ಅದೇ ಮೆನೆಲಾಸ್, ಹೋಗಬೇಕೆನ್ನುವವನನ್ನು ಹಿಡಿದು ನಿಲ್ಲಿಸುವುದೂ ಇರಬೇಕೆನ್ನುವವನನ್ನು ಓಡಿಸುವುದೂ ಒಂದೇ ಬಗೆಯ ತಪ್ಪು ಎನ್ನುತ್ತಾನೆ. ಆ ಭಾಗ ಓದುವಾಗ ನನಗೆ ನೆನಪಾದ ನೆಂಟರ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ.

ಅತಿಥಿ ಕೆಟ್ಟರೆ ಏನಾಗುತ್ತದೆಂದು ಮೆನೆಲಾಸ್‌ಗಿಂತ ಚೆನ್ನಾಗಿ ತಿಳಿದವರಿರಲಿಲ್ಲ. ಉಪ್ಪುಂಡ ಮನೆಯ ಹೆಂಡತಿಯನ್ನೇ ಹಾರಿಸಿಕೊಂಡು ಹೋದ ಪ್ಯಾರಿಸ್, ಹೆಲೆನಳೊಂದಿಗೆ ಮೊದಲ ರಾತ್ರಿ ಕಳೆದದ್ದು ಗೀಥಿಯೊ ಬಂದರಿನೆದುರಿನ ಕ್ರಾನಾಯಿ ನಡುಗಡ್ಡೆಯಲ್ಲಿ ಎಂಬ ನಂಬಿಕೆಯಿದೆ. ಈಗ ಅದಕ್ಕೆ ಸೇತುದಾರಿ ಇದೆ, ಪೈನ್ ಮರಗಳಿವೆ, ಒಂದು ದೀಪಸ್ತಂಭವಿದೆ. ಟ್ರಾಯ್ ಯುದ್ಧದ ಮೊದಲ ತಾಣದಲ್ಲಿ ನಾನು ಕೂತು ತಿಂದದ್ದು ಎಳ್ಳು ಹಚ್ಚಿದ ಬ್ರೆಡ್ಡಿನ ಬಳೆ. ಕರಾವಳಿಯವರು ನಗಬೇಕಿಲ್ಲ, ಗ್ರೀಕರ ಕೆಟ್ಟ ಅತಿಥಿತನಕ್ಕೆ ನಮ್ಮ ದಂಡೆಯೂ ಸಾಕ್ಷಿಯಾಗಿರಬಹುದು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕು 1903ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನದಲ್ಲಿ, ಇಂಡಿಯಾದ ಕಡಲತೀರದಲ್ಲಿ ಸೆರೆಯಾದ ಕಾರಿಟಿಯಾನ್ ಎಂಬ ಗ್ರೀಕ್ ಹೆಣ್ಣನ್ನು ಅವಳ ಕಡೆಯವರು ಅಲ್ಲಿನ ರಾಜನಿಗೂ ಪರಿವಾರಕ್ಕೂ ಕಂಠಪೂರ್ತಿ ಮದ್ಯ ಕುಡಿಸಿ ಬಿಡಿಸಿಕೊಂಡು ಹೋಗುತ್ತಾರೆ. ಆ ರಾಜ ಆಡುವ ಮಾತು ಕನ್ನಡವೆಂದು ಶಾಸನತಜ್ಞ ಹುಲ್ಟ್ಜ್ ವಾದಿಸಿದರು, ಗೋವಿಂದ ಪೈಗಳು ಮುಂದುವರಿಸಿದರು, ಒಪ್ಪದವರೂ ಇದ್ದಾರೆ. ಕನ್ನಡವೇ ಆಗಿದ್ದರೆ ‘ಇನ್ನು ಸ್ವಲ್ಪ ಹಾಕಿಸಿಕೊಳ್ಳಿ’ ಎಂಬುದು ನಮಗೇ ತಿರುಗಿಬಿದ್ದ ಅತಿ ಹಳೆಯ ಸಂದರ್ಭ ಅದೇ ಇರಬೇಕು.

ಗೀಥಿಯೊದಿಂದ ಮುಂದೆ ಮಾನಿ, ಒರಟು ಸೀಮೆ. ತೈಗೆಟಸ್ ಬೆಟ್ಟ ಕಲ್ಲಾಗಿ ಸಮುದ್ರಕ್ಕೆ ಇಳಿಯುವ ಮೂಲೆ. ವಾಥಿಯಾದಂಥ ಊರುಗಳಲ್ಲಿ ಮನೆಗಳಿಲ್ಲ, ಕಿಟಕಿಗಳ ಜಾಗದಲ್ಲಿ ಕಿರಿದಾದ ಸೀಳುಗಳಿರುವ ಕಲ್ಲಿನ ಗೋಪುರಗಳಿವೆ. ಕಡಲ್ಗಳ್ಳರಿಗೆ ಮಾತ್ರವಲ್ಲ, ಎದುರುಮನೆಯವರಿಗೂ ಹೆದರಿ ಕಟ್ಟಿದವು. ಮನೆತನದ ಹಗೆ ಸಾಧಿಸಲು ನೆರೆಯವರು ನೆರೆಯವರ ಮೇಲೆ ಗುಂಡು ಹಾರಿಸುತ್ತಿದ್ದ ಕಾಲದವು. ತೊರೆಗಳಿಲ್ಲ, ಮಳೆನೀರನ್ನು ತೊಟ್ಟಿಯಲ್ಲಿ ಹಿಡಿದು ವರ್ಷ ಕಳೆಯಬೇಕಿತ್ತು. ಅಲ್ಲಿ ಒಂದು ಲೋಟ ನೀರು ಕೊಡುವುದೆಂದರೆ ಲೆಕ್ಕದಿಂದ ತೆಗೆದು ಕೊಡುವುದು. ಅಪರಿಚಿತರನ್ನು ಮೊದಲು ಅನುಮಾನಿಸಲು ಇಷ್ಟೆಲ್ಲ ಕಾರಣವಿದ್ದ ಜನರೇ ಬಂದವರನ್ನು ಒಳಗೆ ಕರೆಯುವ ಕ್ರಮವನ್ನೂ ಕಟ್ಟಿಕೊಂಡರು. ಒಳ್ಳೆಯತನ ಉಕ್ಕಿ ಬರಲಿ ಎಂದು ಕಾದಿದ್ದರೆ ಆಗುತ್ತಿರಲಿಲ್ಲ. ಮನಸ್ಸು ಸರಿಯಿಲ್ಲದ ದಿನವೂ, ಡಬ್ಬ ತಳ ಕಂಡ ದಿನವೂ ಮಾಡಿ ಮುಗಿಸಬಹುದಾದಷ್ಟು ಸಣ್ಣದಾಗಿರಬೇಕಿತ್ತು ಅದು.

ಅಲ್ಲಿನ ಕಾಫಿ ಅಂಗಡಿಯೊಂದರಲ್ಲಿ ದುಡ್ಡು ಕೊಡಲು ಹೋದರೆ ಅಂಗಡಿಯವ ಗದ್ದ ಮೇಲೆತ್ತಿ ‘ಚ್’ ಎಂದ. ಬೇಡ ಎಂದರ್ಥ. ಯಾರೋ ಕೊಟ್ಟಾಗಿದೆ. ಯಾರು ಎಂದರೆ ಮೂಲೆಯಲ್ಲಿ ಜಪಸರದಂಥ ಮಣಿಗಳನ್ನು ಚಟಪಟ ಆಡಿಸುತ್ತಿದ್ದ ಅಜ್ಜನ ಕಡೆ ಹುಬ್ಬು ಹಾರಿಸಿದ. ಅಜ್ಜ ನನ್ನ ಕಡೆ ನೋಡಲೂ ಇಲ್ಲ. ನಾನೇ ಹೋಗಿ ಕೈಮುಗಿದಾಗ ‘ಕೋರಿ ಮು’, ಮಗಳೇ, ಎಂದ. ಅರವತ್ತು ದಾಟಿದವಳನ್ನು ಮಗಳೇ ಎನ್ನುವವರು ನಮ್ಮೂರಲ್ಲಿ ಈಗ ಯಾರೂ ಉಳಿದಿಲ್ಲ. ಮಾನಿಯ ಅದೇ ಊರಲ್ಲಿ ಊಟಕ್ಕೆ ಮಾಂಸ ಬೇಡವೆಂದು ತಿಳಿಸಲು ‘ನಿಸ್ತೀಸಿಮಾ’, ಉಪವಾಸದ ಅಡುಗೆ, ಎಂದೆ. ಗ್ರೀಕ್ ಚರ್ಚಿನ ಕಟ್ಟುನಿಟ್ಟಿನವರು ವರ್ಷದಲ್ಲಿ ಅರ್ಧದಷ್ಟು ದಿನ ಮಾಂಸ, ಹಾಲು, ಮೊಟ್ಟೆ ಬಿಡುತ್ತಾರೆ. ಹೋಟೆಲಿನಾಕೆ ಖುಷಿಯಿಂದ ತಂದದ್ದು ಆಕ್ಟೋಪಸ್. ರಕ್ತವಿಲ್ಲದ ಪ್ರಾಣಿ ಉಪವಾಸಕ್ಕೆ ನಡೆಯುತ್ತದಂತೆ! ಅದನ್ನು ಒಳಗೆ ಒಯ್ದು, ಎಣ್ಣೆ ಟೊಮೆಟೊದಲ್ಲಿ ಬೆಂದ ಬೀನ್ಸ್ ತಂದಳು. ಆಮೇಲೆ, ಲೆಕ್ಕಕ್ಕೆ ಹಿಡಿಯದ ಒಂದು ಚಮಚ ಕಹಿಕಿತ್ತಳೆ.

ಒಂದು ಕೋಟಿ ಚಿಲ್ಲರೆ ಜನರ ದೇಶಕ್ಕೆ ಈಗ ವರ್ಷಕ್ಕೆ ಮೂರು ಕೋಟಿಗೂ ಹೆಚ್ಚು ಪ್ರವಾಸಿಗರು ಬರುತ್ತಾರೆ. ಮೊಬೈಲಿನಲ್ಲಿ ಕಾಯ್ದಿರಿಸಿದ ಕೆಲವು ಮನೆಗಳಲ್ಲಿ ನಾನು ಯಾರ ಮುಖವನ್ನೂ ಕಂಡಿಲ್ಲ: ಬಾಗಿಲಿಗೆ ಅಂಕಿಗಳ ಬೀಗ, ಹೊರಟ ಮೇಲೆ ನಕ್ಷತ್ರ ಕೊಡಿ ಎಂಬ ಸಂದೇಶ. ಅದನ್ನು ಬೈಯಲಾರೆ, ಹಾಸಿಗೆ ಚೆನ್ನಾಗಿತ್ತು. ಬಾಡಿಗೆ ಕೊಟ್ಟು ಇಳಿದ ಮನೆಯಲ್ಲೂ ಚಮಚ ತಂದಿಟ್ಟವರಿದ್ದಾರಲ್ಲ, ಅವರು ಬಾಡಿಗೆಗೂ ಚಮಚಕ್ಕೂ ಬೇರೆಬೇರೆ ಖಾತೆ ಇಟ್ಟಿದ್ದರು.

ಖಾತೆಯ ಮಾತು ಬಂದರೆ ಪೀಲೊಸ್. ಟೆಲಿಮಾಕಸ್‌ಗೆ ಮೊದಲು ಊಟ ಹಾಕಿ, ಆಮೇಲೆ ‘ನೀವು ವ್ಯಾಪಾರಿಗಳೋ, ಕಡಲ್ಗಳ್ಳರೋ?’ ಎಂದು ಕೇಳಿದ ಮುದುಕ ರಾಜ ನೆಸ್ಟರನ ಊರು. ಆ ಹೆಸರಿನ ಅರಮನೆಯನ್ನು ಕಾರ್ಲ್ ಬ್ಲೆಗನ್ 1939ರಲ್ಲಿ ಅಗೆಯತೊಡಗಿದಾಗ ಮೊದಲ ದಿನವೇ ಮಣ್ಣಿನ ಫಲಕಗಳು ಸಿಕ್ಕವು. ಅರಮನೆ ಸುಟ್ಟ ಬೆಂಕಿಯಲ್ಲಿ ಬೆಂದು ಉಳಿದವು. 1952ರಲ್ಲಿ ಮೈಕೆಲ್ ವೆಂಟ್ರಿಸ್ ಲಿಪಿ ಬಿಡಿಸಿದಾಗ ತಿಳಿದದ್ದು, ಅವುಗಳಲ್ಲಿ ಕಾವ್ಯದ ಒಂದು ಸಾಲೂ ಇಲ್ಲ, ಬರೀ ಲೆಕ್ಕ. ಎಣ್ಣೆ ಎಷ್ಟು, ಜೇನು ಎಷ್ಟು, ಮೇಜು, ಕುರ್ಚಿ, ಕಾಲುಮಣೆ ಎಷ್ಟು. ಮೂರು ಕಾಲಿನ ಒಂದು ಕೊಪ್ಪರಿಗೆಯ ಕಾಲು ಸುಟ್ಟುಹೋಗಿದೆ ಎಂಬ ಷರಾ ಕೂಡ. ಓದಿ ನನಗಾದ ಆನಂದ ಬ್ಯಾಂಕಿನವರಿಗೆ ಮಾತ್ರ ಅರ್ಥವಾದೀತು. ಚಾವಣಿಯ ಕೆಳಗಿನ ನಡೆದಾರಿಯ ಮೇಲಿಂದ ಮಣ್ಣಿನ ಸ್ನಾನದ ತೊಟ್ಟಿ ಕಾಣುತ್ತದೆ, ಇದ್ದಲ್ಲೇ ಇದೆ. ಪಕ್ಕದ ಉಗ್ರಾಣಗಳಲ್ಲಿ ಸಾವಿರಾರು ಕುಡಿಯುವ ಬಟ್ಟಲುಗಳು ಸಿಕ್ಕವು. ಈ ಮುದುಕನ ಉಪಚಾರ ಎಂಥದಿತ್ತೆಂದರೆ, ವಾಪಸ್ಸು ಬರುವಾಗ ಟೆಲಿಮಾಕಸ್ ಅವನ ಮಗನ ಕೈಹಿಡಿದು, ನನ್ನನ್ನು ಹಡಗಿನ ಹತ್ತಿರವೇ ಬಿಡು, ಮನೆಗೆ ಬಂದರೆ ನಿನ್ನಪ್ಪ ಬಿಡುವುದಿಲ್ಲ ಎಂದು ಬೇಡಿಕೊಳ್ಳುತ್ತಾನೆ. ಸಾವಿರಾರು ಬಟ್ಟಲಿದ್ದ ಮನೆಯಿಂದ ಅತಿಥಿ ಹಿಂಬಾಗಿಲಲ್ಲಿ ಓಡುತ್ತಾನೆ.

ಕಲಮಾಟದಲ್ಲಿ ನಾನು ಇಳಿದುಕೊಂಡ ಮನೆಯ ಒಡತಿ ಬಟ್ಟೆಯಲ್ಲಿ ಸುತ್ತಿ ಕೊಟ್ಟ ಅಕ್ರೋಟಿನ ಜಾಡಿ ಸೂಟ್‌ಕೇಸಿನಲ್ಲಿ ಒಡೆಯದೆ ಶಿರಸಿ ತಲುಪಿತು. ಪಕ್ಕದ ಮನೆಯ ಅಕ್ಕ ಬಂದಾಗ ಶಾಸ್ತ್ರೋಕ್ತವಾಗಿ ಸಣ್ಣ ತಟ್ಟೆ, ಒಂದು ಕಾಯಿ, ಚಮಚ, ನೀರು. ಎದುರಿಗೆ ಕೂತು ಅವರ ಬಾಯನ್ನೇ ನೋಡಿದೆ. ಈ ಚಮಚದ ಹಿಂದಿರುವ ಅಲೆಕ್ಸಾಂಡರನ ನೌಕಾಧಿಪತಿಯಿಂದ ಹಿಡಿದು ಮೆನೆಲಾಸ್‌ವರೆಗಿನ ಕತೆಯನ್ನೆಲ್ಲ ಹೇಳಿದೆ. ಅವರು ಸಾವಧಾನದಿಂದ ಕೇಳಿದರು. ನಂತರ ತಾವೇ ಎದ್ದು ಹೋಗಿ ಜಾಡಿ ತಂದು ಮುಂದಿಟ್ಟುಕೊಂಡು, ಇನ್ನೆರಡು ತೆಗೆದು ಹಾಕಿಕೊಂಡು, ‘ಪಾಕ ಚಲೋ ಬಂದದೆ. ಇದಕ್ಕೆ ಎರಡು ಬಿಸಿ ದೋಸೆ ಇದ್ದಿದ್ರೆ ಇನ್ನೂ ಚಲೋ ಆಗ್ತಿತ್ತು’ ಎಂದರು. ನಾನು ಕಾವಲಿ ಒಲೆಗೆ ಏರಿಸಿದೆ. ಅವರಿಗೆ ಎರಡಲ್ಲ, ಐದು ಹಾಕಿದೆ.