ತುಂಬಿಟ್ಟ ಕೋವಿ, ತೊಯ್ದ ಮದ್ದು

ತುಂಬಿದ ಕೋವಿಯನ್ನು ಎಷ್ಟು ದಿನ ಹಾಗೇ ಇಡಬಹುದು? ಇದೆಂಥ ಪ್ರಶ್ನೆ ಎನ್ನಬೇಡಿ. ತೋಟಾ ಹಾಕಿ ತೆಗೆಯುವ ಕೋವಿಯವರಿಗೆ ಈ ಚಿಂತೆಯೇ ಇಲ್ಲ. ನಳಿಗೆ ಮಡಚಿದರೆ ತೋಟಾ ಕೈಗೆ ಬರುತ್ತದೆ, ಕಿಸೆಗೆ ಹಾಕಿಕೊಂಡು ಮನೆಗೆ ನಡೆಯಬಹುದು. ಚಿಂತೆಯೆಲ್ಲ ಬಾಯಿಂದ ಮದ್ದು ತುಂಬುವ ಕೋವಿಯವರದು. ನಮ್ಮ ಮಲೆನಾಡಿನ ಹಳೆಯ ಮನೆಗಳಲ್ಲಿ ಅದನ್ನು ಕೇಪಿನ ಕೋವಿ ಎನ್ನುತ್ತಾರೆ. ಮೊದಲು ಅಳತೆಯ ಮದ್ದು ಸುರಿಯಬೇಕು. ಅದರ ಮೇಲೆ ತೆಂಗಿನ ಕತ್ತ ತುರುಕಿ ಗಜ ಎಂಬ ಸಲಾಕೆಯಿಂದ ಜಡಿಯಬೇಕು. ಆಮೇಲೆ ಚರೆಯೋ ಗುಂಡೋ, ಅದು ಉರುಳಿ ಹೊರಗೆ ಬೀಳದಂತೆ ಮತ್ತೊಂದಿಷ್ಟು ಕತ್ತ. ಕಡೆಗೆ ಹಿಂಬದಿಯ ಮೊಳೆಯ ಮೇಲೆ ಬಡಿದರೆ ಸಿಡಿಯುವ ಒಂದು ಕೇಪು. ಇಷ್ಟೆಲ್ಲ ಮಾಡಿ ಕಾದು ಕೂತವನಿಗೆ ಪ್ರಾಣಿ ಬರಲಿಲ್ಲ ಅನ್ನಿ, ಕತ್ತಲಾಯಿತು ಅನ್ನಿ. ಒಳಗಿರುವ ಈಡನ್ನು ಏನು ಮಾಡಬೇಕು? ಹೋದ ದಾರಿಯಲ್ಲೇ ಅದು ತಾನಾಗಿ ಹಿಂದಕ್ಕೆ ಬರುವುದಿಲ್ಲವಲ್ಲ.

ಈ ಪ್ರಶ್ನೆಯನ್ನು ಇವತ್ತಿಗೂ ಗಂಭೀರವಾಗಿ ಚರ್ಚಿಸುವವರು ಅಮೆರಿಕದಲ್ಲಿದ್ದಾರೆ. ಅಲ್ಲಿ ಜಿಂಕೆ ಬೇಟೆಗೆ ಸರ್ಕಾರವೇ ಗೊತ್ತುಮಾಡಿದ ಋತುವಿದೆ. ಅದರಲ್ಲೂ ಬಾಯಿಂದ ತುಂಬುವ ಕೋವಿಗೆಂದೇ ಹಲವು ರಾಜ್ಯಗಳು ಬೇರೆ ದಿನಗಳನ್ನು ತೆಗೆದಿಟ್ಟಿವೆ. ಪೆನ್ಸಿಲ್ವೇನಿಯಾದವರು ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋದರು. 1974ರಲ್ಲಿ ಅವರು ಶುರುಮಾಡಿದ ಋತುವಿನಲ್ಲಿ ಕೇಪು ಕೂಡ ಸಲ್ಲದು, ಚಕಮಕಿ ಕಲ್ಲಿನ ಕೋವಿಯೇ ಆಗಬೇಕು. ಕುದುರೆ ಎಂದು ಕರೆಯುವ ಬಡಿಯುವ ಕೊಕ್ಕೆಯ ಬಾಯಲ್ಲಿ ಕಚ್ಚಿಸಿದ ಕಲ್ಲು ಉಕ್ಕಿನ ಪಟ್ಟಿಗೆ ಬಡಿದು, ಕಿಡಿ ಸಿಡಿದು, ಪುಟ್ಟ ತಟ್ಟೆಯಲ್ಲಿಟ್ಟ ಚಿಟಿಕೆ ಮದ್ದು ಹತ್ತಿಕೊಂಡು, ಆ ಉರಿ ಪಕ್ಕದ ಕಿಂಡಿಯಿಂದ ನಳಿಗೆಯೊಳಕ್ಕೆ ಹಾಯಬೇಕು. ಇದೆಲ್ಲ ಕ್ರಿಸ್ಮಸ್ ಕಳೆದ ಮೇಲಿನ ಚಳಿಯಲ್ಲಿ, ಹಿಮ ಬೀಳುವ ಹೊತ್ತಿನಲ್ಲಿ! ಇಷ್ಟು ಕಷ್ಟವನ್ನು ಯಾರೂ ಹೇರದೆ ತಾವಾಗಿ ತಲೆಯ ಮೇಲೆ ಹೊತ್ತುಕೊಳ್ಳುವವರನ್ನು ಕಂಡರೆ ನನಗೆ ಬಹಳ ಗೌರವ. ಒಂದೇ ಈಡು ಎಂದು ಗೊತ್ತಿರುವವನು ಸುಮ್ಮಸುಮ್ಮನೆ ಕುದುರೆ ಎತ್ತುವುದಿಲ್ಲ.

ತುಂಬಿಟ್ಟ ಈಡನ್ನು ಕೆಡಿಸುವುದು ತೇವ. ಮದ್ದಿಗೆ ನೀರು ಕಂಡರೆ ಯಾಕಾಗದು? ಕರಿಮದ್ದು ಎಂದರೆ ನೂರಕ್ಕೆ 75 ಭಾಗ ಪೆಟ್ಲುಪ್ಪು, 15 ಭಾಗ ಇದ್ದಿಲು, 10 ಭಾಗ ಗಂಧಕ. ಉರಿಯುವುದು ಇದ್ದಿಲು ಮತ್ತು ಗಂಧಕ, ಅವಕ್ಕೆ ಉಸಿರು ಕೊಡುವುದು ಪೆಟ್ಲುಪ್ಪು. ಶುದ್ಧ ಪೆಟ್ಲುಪ್ಪು ಗಾಳಿಯ ತೇವವನ್ನು ಅಷ್ಟಾಗಿ ಹೀರುವುದಿಲ್ಲ. ಸರಿಯಾಗಿ ಸೋಸದೆ ಅಡುಗೆ ಉಪ್ಪಿನಂಥ ಬೇರೆ ಲವಣಗಳು ಉಳಿದಿದ್ದರೆ ಮಾತ್ರ ಮಳೆಗಾಲದ ಉಪ್ಪಿನ ಭರಣಿಯ ಹಾಗೆ ನೀರೊಡೆಯುತ್ತದೆ. ಒಳ್ಳೆಯ ಪೆಟ್ಲುಪ್ಪಿಗೆ ಒಂದು ಕಾಲಕ್ಕೆ ಬಿಹಾರದ ಹೆಸರೇ ಹೆಸರು. ಯೂರೋಪಿನ ಕಂಪನಿಗಳು ಅದನ್ನು ಹಡಗು ಹಡಗೇ ತುಂಬಿಸಿಕೊಂಡು ಹೋಗಿ ತಮ್ಮ ಯುದ್ಧಗಳನ್ನು ನಡೆಸಿದವು.

ಬಿಹಾರದ ಮಾತು ಬಂದರೆ ಪಕ್ಕದ ಬಂಗಾಳವನ್ನು ಬಿಡುವುದು ಹೇಗೆ? 1757ರ ಜೂನ್ 23, ಪ್ಲಾಸಿಯ ಮಾವಿನ ತೋಪು. ಮಧ್ಯಾಹ್ನದ ಹೊತ್ತಿಗೆ ಒಂದು ಬಿರುಮಳೆ ಬಂತು. ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯವರು ತಮ್ಮ ಮದ್ದಿನ ಮೇಲೆ ಟಾರ್ಪಾಲು ಎಳೆದರು. ಬಂಗಾಳದ ನವಾಬನ ಕಡೆಯ ಮದ್ದು ತೊಯ್ದು ಹೋಯಿತು. ನಮ್ಮದರಂತೆ ಅವರದೂ ನೆನೆದಿರಬೇಕೆಂದು ಬಗೆದು ನವಾಬನ ಸೇನಾನಿ ಮೀರ್ ಮದನ್ ಕುದುರೆ ದಂಡಿನೊಡನೆ ನುಗ್ಗಿದ. ಎದುರಿನ ಫಿರಂಗಿಗಳು ಒಣಗಿಯೇ ಇದ್ದವು, ಅವುಗಳ ಏಟಿಗೆ ಆತ ಮಡಿದ. ನವಾಬನದೇ ಇನ್ನೊಬ್ಬ ಸೇನಾನಿ ಮೀರ್ ಜಾಫರನ ಪಿತೂರಿ ಇರಲಿಲ್ಲವೇ ಎಂದು ನೀವು ಕೇಳುತ್ತೀರಿ. ಇತ್ತು, ಸೋಲಿನ ಬೇರು ಅದೇ. ಆದರೂ ಆ ದಿನ ಒಂದು ಟಾರ್ಪಾಲು ಮಾಡಿದ ಕೆಲಸವನ್ನು ಮರೆಯುವ ಹಾಗಿಲ್ಲ.

ಇರಲಿ, ನಾವು ಕೋವಿಯ ಹತ್ತಿರ ಬರೋಣ. ತೇವ ಒಳಗೆ ಬರುವ ದಾರಿಗಳು ಯಾವುವು? ಮೊದಲನೆಯದು ನಳಿಗೆಯ ಬಾಯಿ. ಅದನ್ನು ಅಮೆರಿಕದವರು ಒಂದು ಚೂರು ಅಂಟುಪಟ್ಟಿಯಿಂದಲೋ, ಮಕ್ಕಳ ಬಲೂನಿನಿಂದಲೋ ಮುಚ್ಚುತ್ತಾರೆ. ಎರಡನೆಯದು ಹಿಂಬದಿ. ಚಕಮಕಿ ಕೋವಿಗೆ ಕೊಬ್ಬು ತಿಕ್ಕಿದ ತೊಗಲಿನ ಹೊದಿಕೆ ಕಟ್ಟುತ್ತಾರೆ, ತಟ್ಟೆಯ ಅಂಚಿಗೆ ಜೇನುಮೇಣ ಸವರುತ್ತಾರೆ. ಕೇಪಿನ ಕೋವಿಗಾದರೆ ಕೇಪು ಬಿಗಿಯಾಗಿ ಕೂತರೆ ಅರ್ಧ ಗೆದ್ದಂತೆ.

ಕೇಪು ಹುಟ್ಟಿದ ಕತೆ ಗೊತ್ತೇ? ಸ್ಕಾಟ್ಲೆಂಡಿನ ಬೆಲ್‌ಹೆಲ್ವಿ ಎಂಬಲ್ಲಿ ಅಲೆಕ್ಸಾಂಡರ್ ಫೋರ್ಸೈತ್ ಎಂಬ ಪಾದ್ರಿ ಇದ್ದ. ಅವನಿಗೆ ಹಕ್ಕಿ ಬೇಟೆಯ ಹುಚ್ಚು. ಚಕಮಕಿಯ ತಟ್ಟೆ ಭಗ್ಗೆಂದ ಕೂಡಲೇ, ಈಡು ಹೊರಡುವ ಮೊದಲೇ ಹಕ್ಕಿಗಳು ಹಾರಿಹೋಗುತ್ತಿದ್ದವು. ಬಡಿದರೆ ಸಿಡಿಯುವ ಮದ್ದನ್ನು ಕುದುರೆಯ ಪೆಟ್ಟಿನ ಕೆಳಗಿಟ್ಟರೆ ಈ ಬೆಳಕೇ ಇರುವುದಿಲ್ಲವಲ್ಲ ಎಂದು ಯೋಚಿಸಿ, ಹೊಸ ಬಗೆಯ ಚಾಪು ಮಾಡಿ, 1807ರಲ್ಲಿ ಪೇಟೆಂಟ್ ಪಡೆದ. ಆಮೇಲೆ ಬೇರೆಯವರ ಕೈಯಲ್ಲಿ ಅದೇ ವಿಚಾರ ತಾಮ್ರದ ಪುಟ್ಟ ಟೊಪ್ಪಿಗೆಯಾಯಿತು. ಹಕ್ಕಿ ಬೆದರಬಾರದೆಂದು ಹೊರಟ ಉಪಾಯ ಮಳೆಗೂ ಉತ್ತರವಾಯಿತು. ಬಯಲಿನ ತಟ್ಟೆಯಲ್ಲಿ ಮದ್ದು ಇಡುವ ಕಷ್ಟವೇ ತಪ್ಪಿತು. ಸಹ್ಯಾದ್ರಿಯ ಜಡಿಮಳೆಗೆ ಹೊಂದಿಕೊಂಡ ಕೋವಿಯ ಮೂಲ ಒಬ್ಬ ಪಾದ್ರಿಯ ಹಕ್ಕಿ ಬೇಟೆಯಲ್ಲಿದೆ ಎಂದರೆ ನನಗೆ ಈಗಲೂ ಸೋಜಿಗ.

ಮೂರನೆಯ ದಾರಿಯನ್ನು ಮಾತ್ರ ಹೆಚ್ಚಿನವರು ಮರೆಯುತ್ತಾರೆ. ಅದು ನಳಿಗೆಯ ಒಳಗೇ ಇರುವ ಕಿಟ್ಟ. ಕರಿಮದ್ದು ಉರಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆಯಾಗಿ, ಕಿಟ್ಟವಾಗಿ ಉಳಿಯುತ್ತದೆ. ಆ ಕಿಟ್ಟ ಮದ್ದಿಗಿಂತ ಎಷ್ಟೋ ಪಾಲು ಹೆಚ್ಚಾಗಿ ಗಾಳಿಯ ನೀರನ್ನು ಹೀರುತ್ತದೆ, ಕಬ್ಬಿಣವನ್ನು ತಿನ್ನುತ್ತದೆ. ಹೊಡೆದ ನಳಿಗೆಯನ್ನು ತೊಳೆಯದೆ ಮತ್ತೆ ತುಂಬಿಟ್ಟರೆ ಮದ್ದನ್ನು ಒದ್ದೆ ಹಾಸಿಗೆಯ ಮೇಲೆ ಮಲಗಿಸಿದಂತಾಯಿತು. ಅದಕ್ಕೇ ತಿಳಿದವರು ಅದೇ ಸಂಜೆ ಬಿಸಿನೀರು ಹೊಯ್ದು ತೊಳೆಯುತ್ತಾರೆ. ಕಿಟ್ಟ ಕರಗುವುದು ನೀರಿನಲ್ಲೇ, ಬರೀ ಎಣ್ಣೆಯಿಂದ ಆಗುವ ಕೆಲಸವಲ್ಲ. ನೀರು ಬಿಸಿಯಾಗಿದ್ದರೆ ಕಬ್ಬಿಣವೂ ಬಿಸಿಯೇರಿ ಬೇಗ ಆರುತ್ತದೆ. ಆರಿದ ಮೇಲೆ ತೆಳ್ಳಗೆ ಎಣ್ಣೆ.

ಎಣ್ಣೆ ಎಂದೆನಲ್ಲ, ಅಲ್ಲೂ ಒಂದು ಸೂಕ್ಷ್ಮವಿದೆ. ಕಾಯುವ ಎಣ್ಣೆಯೇ ಕೆಡಿಸಲೂ ಬಲ್ಲದು. ಗೋಡೆಗೆ ಒರಗಿಸಿಟ್ಟ ಕೋವಿಯಲ್ಲಿ ಎಣ್ಣೆ ನಿಧಾನವಾಗಿ ತಳಕ್ಕಿಳಿದು ಕೇಪಿನ ಮೊಳೆಯ ಸಣ್ಣ ರಂಧ್ರದಲ್ಲಿ ಕೂತಿರುತ್ತದೆ. ಮರುದಿನ ಕೇಪು ಟಪ್ಪೆನ್ನುತ್ತದೆ, ಈಡು ಹೊರಡುವುದಿಲ್ಲ. ಆದ್ದರಿಂದ ತುಂಬುವ ಮೊದಲು ಒಣಬಟ್ಟೆ ಸುತ್ತಿದ ಗಜ ಆಡಿಸಬೇಕು. ಖಾಲಿ ಕೋವಿಯ ಬಾಯನ್ನು ಯಾರೂ ಇಲ್ಲದ ಕಡೆ ನೆಲದ ತರಗಿಗೆ ಹಿಡಿದು ಒಂದೆರಡು ಬರೀ ಕೇಪು ಹೊಡೆಯಬೇಕು. ತರಗು ಅಲುಗಾಡಿದರೆ ದಾರಿ ತೆರೆದಿದೆ ಎಂದು ಅರ್ಥ. ಎಷ್ಟು ಸರಳ ಪರೀಕ್ಷೆ ನೋಡಿ!

ಇನ್ನೊಂದು ಶತ್ರು ಚಳಿದೇಶದವರಿಗೆ ಚೆನ್ನಾಗಿ ಗೊತ್ತು. ಹೊರಗಿನ ಕೊರೆಯುವ ಚಳಿಯಲ್ಲಿ ತಣ್ಣಗಾದ ನಳಿಗೆಯನ್ನು ಬೆಚ್ಚಗಿನ ಮನೆಯೊಳಕ್ಕೆ ತಂದರೆ ಕಬ್ಬಿಣ ಬೆವರುತ್ತದೆ. ಕೋವಿಗೆ ಮಳೆಹನಿಯೇ ತಾಗದಿದ್ದರೂ ಮದ್ದು ತೇವವಾಗುತ್ತದೆ. ಹಾಗಾಗಿ ಅಲ್ಲಿಯ ಅನುಭವಿಗಳು ಕೇಪು ತೆಗೆದು, ತಣ್ಣನೆಯ ಹೊರಕೋಣೆಯಲ್ಲೇ ಬೀಗ ಹಾಕಿ ಇಡುತ್ತಾರೆ. ಕೇಪಾಗಲಿ ತಟ್ಟೆಯ ಮದ್ದಾಗಲಿ ಇಲ್ಲದ ಕೋವಿಯನ್ನು ತುಂಬಿದ ಕೋವಿ ಎಂದು ಎಣಿಸದ ಕಾನೂನು ಅಲ್ಲಿಯ ಹಲವು ರಾಜ್ಯಗಳಲ್ಲಿದೆ. ಕಾನೂನು ಏನೇ ಹೇಳಲಿ, ಒಳಗೆ ಮದ್ದಿದ್ದರೆ ನನ್ನ ಲೆಕ್ಕಕ್ಕೆ ಅದು ತುಂಬಿದ ಕೋವಿಯೇ.

ಮದ್ದನ್ನು ಜೋಪಾನ ಮಾಡಿದವರಲ್ಲಿ ನನಗೆ ಅತ್ಯಂತ ಇಷ್ಟವಾದವನು ಮೆರಿವೆದರ್ ಲೂಯಿಸ್. 1804ರಲ್ಲಿ ಕ್ಲಾರ್ಕನ ಜೊತೆ ಅಮೆರಿಕದ ಪಡುವಣ ಕಡಲನ್ನು ಹುಡುಕಿಕೊಂಡು ಹೊರಡುವ ಮುನ್ನ ಅವನು ಸೀಸದ ಡಬ್ಬಿಗಳನ್ನು ಮಾಡಿಸಿದ. ಒಂದೊಂದರಲ್ಲಿ 4 ಪೌಂಡು ಮದ್ದು. ಡಬ್ಬಿಯ ತೂಕ 8 ಪೌಂಡು ಸೀಸ. ಮದ್ದು ಖಾಲಿಯಾದಾಗ ಡಬ್ಬಿಯನ್ನೇ ಕರಗಿಸಿ ಎರಕ ಹೊಯ್ದರೆ ಆ ಮದ್ದಿಗೆ ಬೇಕಾದಷ್ಟು ಗುಂಡು! ಹೊಳೆಯಲ್ಲಿ ಮುಳುಗೆದ್ದರೂ ಹೆಚ್ಚಿನ ಡಬ್ಬಿಗಳ ಮದ್ದು ಒಣಗಿಯೇ ಇತ್ತು. ನಮ್ಮಲ್ಲೂ ಅಂಥ ಬುದ್ಧಿವಂತಿಕೆಗೆ ಕೊರತೆ ಇರಲಿಲ್ಲ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನ ಮನೆಗಳು ಇನ್ನೂ ನಿಂತಿವೆ, ದಪ್ಪ ಗೋಡೆಯ ಇಟ್ಟಿಗೆ ಗಾರೆಯ ಕಟ್ಟಡಗಳು. ಅವುಗಳಲ್ಲಿ ಒಂದನ್ನು ರೈಲಿನ ಜೋಡಿಹಳಿಗೆ ದಾರಿ ಬಿಡಲು 2017ರಲ್ಲಿ ಇಡಿಯಾಗಿ ಎತ್ತಿ ನೂರು ಮೀಟರಿಗೂ ಆಚೆ ಸರಿಸಿದರು. ಒಂದಿಟ್ಟಿಗೆ ಕಳಚದೆ ಅದು ಹೊಸ ಜಾಗದಲ್ಲಿ ಕೂತಿತು.

ಮದ್ದು ಒಣಗಿದ್ದರೆ ಸಾಲದು, ಒಳಗೆ ಏನಿದೆ ಎಂಬುದೂ ಗೊತ್ತಿರಬೇಕು. ಖಾಲಿ ನಳಿಗೆಗೆ ಗಜ ಇಳಿಸಿ ಬಾಯ ಮಟ್ಟಕ್ಕೆ ಒಂದು ಗೀರು, ಸರಿಯಾಗಿ ತುಂಬಿದ ಮೇಲೆ ಇನ್ನೊಂದು ಗೀರು. ಇಷ್ಟು ಮಾಡಿದರೆ ಗಜವೇ ಎಲ್ಲವನ್ನೂ ಹೇಳುತ್ತದೆ. ತುಂಬಿದ ಮೇಲೆ ಹಾಕಿದ ಗೀರು ಬಾಯಿಗಿಂತ ಮೇಲೆ ನಿಂತರೆ ಗುಂಡು ಮದ್ದಿನ ಮೇಲೆ ಪೂರ್ತಿ ಕೂತಿಲ್ಲ, ಇಲ್ಲವೇ ತುಂಬಿದ್ದರ ಮೇಲೆ ಮತ್ತೆ ತುಂಬಿದೆ. ಎರಡರಲ್ಲೂ ನಳಿಗೆ ಸಿಡಿಯುವ ಅಪಾಯವಿದೆ.

ಕೊಡಗಿನ ಸಂಪ್ರದಾಯವನ್ನು ನಾನು ಮೆಚ್ಚುವುದು ಮಳೆಗಾಲದಲ್ಲಿ ಕೋವಿಯನ್ನು ಬದಿಗಿಡುವ ಕಾರಣಕ್ಕೂ ಹೌದು. ಹಿಂದೆ ನಾಟಿಯ ಕೆಲಸ ಶುರುವಾದರೆ ಆಯುಧಗಳನ್ನು ಕನ್ನಿಕೋಂಬರೆ ಎಂಬ ದೇವರ ಕೋಣೆಯಲ್ಲಿ ಇಟ್ಟುಬಿಡುತ್ತಿದ್ದರು. ನಾಟಿ ಮುಗಿದು ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ಬಂದಾಗ, ಸೆಪ್ಟೆಂಬರ್ ಮೊದಲ ವಾರದಲ್ಲಿ, ತೋಕ್ ಅಂದರೆ ಕೋವಿಯನ್ನು ಹೊರಗೆ ತೆಗೆದು, ಉಜ್ಜಿ, ತೋಕ್‌ಪೂ ಹೂವನ್ನು ಏರಿಸಿ ಪೂಜೆ ಮಾಡಿ, ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುವುದು. ಆಟಿ ತಿಂಗಳ ಮಳೆಯಲ್ಲಿ ಕೋವಿಗೆ ವಿಶ್ರಾಂತಿ ಕೊಡುವುದಕ್ಕಿಂತ ದೊಡ್ಡ ಜೋಪಾನ ಉಂಟೇ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಈಗ ನಮ್ಮಲ್ಲಿ ಬೇಟೆಯ ಋತುವೇ ಇಲ್ಲ, ಇರಲೂ ಬಾರದು. ಆದರೂ ಬೆಳೆ ಕಾಯಲೆಂದು ಪರವಾನಗಿ ಪಡೆದ ಕೋವಿಗಳು ಮನೆಗಳಲ್ಲಿವೆ. ನಾಳೆ ಹಂದಿ ಬಂದರೆ ಇರಲಿ ಎಂದು ತುಂಬಿಟ್ಟ ಕೋವಿ ಬೇಕಾದಾಗ ಹೊಡೆಯದೆ, ಬೇಡದಾಗ ಮನೆಯವರ ಮೇಲೇ ಹೊಡೆಯುವ ಸಂಭವವೇ ಹೆಚ್ಚು.

ಆದ್ದರಿಂದ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಒಳ್ಳೆಯ ಮದ್ದು, ತೊಳೆದು ಒಣಗಿಸಿದ ನಳಿಗೆ, ಭದ್ರವಾದ ಮುಚ್ಚಳ ಇದ್ದರೆ ಈಡು ದಿನಗಟ್ಟಲೆ ಕೆಡದೆ ಇದ್ದೀತು. ಇದ್ದೀತು ಎಂದು ಇಡಬೇಕಾಗಿಲ್ಲ. ಸಂಜೆ ಮರಳುವಾಗ ಮಣ್ಣಿನ ದಿಬ್ಬಕ್ಕೆ ಹೊಡೆದು ಖಾಲಿ ಮಾಡಿ, ತೊಳೆದು, ಬೆಳಿಗ್ಗೆ ಹೊಸದಾಗಿ ತುಂಬುವವನ ಕೋವಿಯೇ ನಂಬಿಕೆಯ ಕೋವಿ. ನಿಮ್ಮ ಮನೆಯ ಅಟ್ಟದಲ್ಲೋ ಗೋಡೆಯ ಮೇಲೋ ಅಜ್ಜನ ಕಾಲದ ಕೇಪಿನ ಕೋವಿಯೊಂದಿದ್ದರೆ ಅದು ಖಾಲಿ ಎಂದು ಹೇಳುವ ಯಾರ ಮಾತನ್ನೂ ನಂಬಬೇಡಿ. ಕರಿಮದ್ದು ಒಣಗಿದ್ದರೆ ತಲೆಮಾರು ಕಳೆದರೂ ಸಾಯುವುದಿಲ್ಲ. ಬಾಯಿಗೆ ಮುಖ ಕೊಡದೆ, ತಿಳಿದವರಿಂದ ಇವತ್ತೇ ಗಜ ಇಳಿಸಿ ನೋಡಿಸಿ.