ಪಾಸ್‌ಪೋರ್ಟ್‌ನ ಒಳಗಿನ ಒಂದು ವಾಕ್ಯ

ಕಳೆದ ತಿಂಗಳು ಪೋಸ್ಟ್‌ಮ್ಯಾನ್ ನನ್ನ ಪಾಸ್‌ಪೋರ್ಟ್ ತಂದುಕೊಟ್ಟಾಗ ಮನೆಯಲ್ಲಿ ಒಂಥರಾ ಹಬ್ಬ. ನಮ್ಮ ಮನೆಗೆ ಬಂದ ಮೊದಲ ಪಾಸ್‌ಪೋರ್ಟ್ ಅದು. ಅಮ್ಮ ಫೋಟೊ ನೋಡಿ, 'ಮುಖ ಯಾಕೆ ಹೀಗೆ ಗಂಟು ಹಾಕಿದ್ದೀಯ?' ಅಂತ ನಕ್ಕಳು. ನಾನು ಒಳಗೆ ಅಚ್ಚಾಗಿದ್ದ ಒಂದು ವಾಕ್ಯವನ್ನು ಅವಳಿಗೆ ಕನ್ನಡದಲ್ಲಿ ಹೇಳಿದೆ. ಇದನ್ನು ಹೊಂದಿದವರನ್ನು ಅಡ್ಡಿಯಿಲ್ಲದೆ ಹೋಗಲು ಬಿಡಿ, ಬೇಕಾದ ನೆರವು, ರಕ್ಷಣೆ ಕೊಡಿ ಎಂದು ರಾಷ್ಟ್ರಪತಿಗಳ ಹೆಸರಿನಲ್ಲಿ ಕೋರುವ ವಾಕ್ಯ ಅದು.

ಅಮ್ಮ ಕೇಳಿದಳು: 'ಹಂಗಾದ್ರೆ ಅಲ್ಲಿ ಯಾರಾದ್ರೂ ಹಿಡ್ಕೊಂಡ್ರೆ, ಇದನ್ನ ತೋರಿಸಿದ್ರೆ ಬಿಡ್ತಾರಾ?'

ನನಗೆ ತಕ್ಷಣ ನೆನಪಾದದ್ದು ಬಾಂಗ್ಲಾದೇಶದ ಛಾಯಾಗ್ರಾಹಕ ಶಾಹಿದುಲ್ ಆಲಂ. 2018ರಲ್ಲಿ ವಿದ್ಯಾರ್ಥಿಗಳ ಪ್ರತಿಭಟನೆ ಬಗ್ಗೆ ಮಾತಾಡಿದ್ದಕ್ಕೆ ಸ್ವಂತ ದೇಶದಲ್ಲೇ ನೂರಕ್ಕೂ ಹೆಚ್ಚು ದಿನ ಜೈಲಿನಲ್ಲಿದ್ದವರು. 2025ರ ಅಕ್ಟೋಬರ್‌ನಲ್ಲಿ ಅವರು ಪತ್ರಕರ್ತರು, ವೈದ್ಯಕೀಯ ಸಿಬ್ಬಂದಿ ಇದ್ದ 'ಕಾನ್ಶಿಯನ್ಸ್' ಹಡಗಿನಲ್ಲಿ ಗಾಜಾದತ್ತ ಹೊರಟಿದ್ದರು. ಅಕ್ಟೋಬರ್ 8ರಂದು ಇಸ್ರೇಲ್ ಪಡೆಗಳು ಸಮುದ್ರದಲ್ಲೇ ಹಡಗನ್ನು ತಡೆದು ಎಲ್ಲರನ್ನೂ ವಶಕ್ಕೆ ಪಡೆದವು.

ಬಾಂಗ್ಲಾದೇಶಕ್ಕೂ ಇಸ್ರೇಲಿಗೂ ರಾಜತಾಂತ್ರಿಕ ಸಂಬಂಧವೇ ಇಲ್ಲ. ಅಲ್ಲಿ ರಾಯಭಾರ ಕಚೇರಿ ಇಲ್ಲ, ಫೋನ್ ಮಾಡಿ ಕೇಳುವವರೂ ಇಲ್ಲ. ಢಾಕಾ ಸರ್ಕಾರ ಜೋರ್ಡಾನ್, ಈಜಿಪ್ಟ್, ಟರ್ಕಿಯಲ್ಲಿನ ತನ್ನ ಕಚೇರಿಗಳ ಮೂಲಕ ಪ್ರಯತ್ನಿಸಿತು. ಟರ್ಕಿ ನೆರವಾಯಿತು. ಅಕ್ಟೋಬರ್ 10ರಂದು ಆಲಂ ಇಸ್ತಾಂಬುಲ್ ತಲುಪಿದರು, ಮರುದಿನ ಢಾಕಾ. ತನ್ನ ಪಾಸ್‌ಪೋರ್ಟನ್ನು ನೆಲಕ್ಕೆ ಎಸೆದದ್ದು ತುಂಬಾ ನೋವು ಕೊಟ್ಟಿತು ಎಂದು ಬಂದ ಮೇಲೆ ಅವರು ಹೇಳಿದರು.

ಅದಕ್ಕೂ ಕೆಲವೇ ದಿನ ಮೊದಲು ಆಹಾರ, ಔಷಧ ಹೊತ್ತು ಹೊರಟಿದ್ದ 'ಗ್ಲೋಬಲ್ ಸುಮುದ್ ಫ್ಲೊಟಿಲಾ'ದ ನಲವತ್ತಕ್ಕೂ ಹೆಚ್ಚು ದೋಣಿಗಳಿಗೂ ಇದೇ ಆಗಿತ್ತು. ಆಗ ಇಟಲಿಯ ಪ್ರಧಾನಿ ಮೆಲೋನಿ ಈ ಯಾತ್ರೆ ಬೇಜವಾಬ್ದಾರಿಯದ್ದು ಎಂದು ಟೀಕಿಸಿದ್ದರು. ಆದರೂ ದೋಣಿಗಳ ಮೇಲೆ ಡ್ರೋನ್ ದಾಳಿಯಾದಾಗ ಅದೇ ಸರ್ಕಾರ ತನ್ನ ನಾಗರಿಕರಿಗಾಗಿ ನೌಕಾಪಡೆಯ ಹಡಗು ಕಳಿಸಿತು. ಆ ಹಡಗು ಕೊನೆಯವರೆಗೂ ಜೊತೆ ಹೋಗಲಿಲ್ಲ ನಿಜ. ಆದರೆ 'ನೀನು ಮಾಡಿದ್ದು ಸರಿಯಲ್ಲ' ಎನ್ನುವುದು ಬೇರೆ, 'ನೀನು ನಮ್ಮವನಲ್ಲ' ಎನ್ನುವುದು ಬೇರೆ. ನನಗೆ ಮುಖ್ಯ ಅನಿಸಿದ್ದು ಈ ವ್ಯತ್ಯಾಸ.

ಇದು ಬರೀ ದಯೆಯ ಮಾತಲ್ಲ. ವಿದೇಶದಲ್ಲಿ ಬಂಧಿತನಾದವನನ್ನು ಅವನ ದೇಶದ ಅಧಿಕಾರಿ ಭೇಟಿಯಾಗಬಹುದು, ವಕೀಲರನ್ನು ಗೊತ್ತುಮಾಡಬಹುದು ಎಂದು 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಹೇಳುತ್ತದೆ. ಕುಲಭೂಷಣ್ ಜಾಧವ್ ಪ್ರಕರಣದಲ್ಲಿ ಭಾರತ ಇದೇ ವಿಧಿ ಹಿಡಿದು ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿತ್ತು. 2019ರಲ್ಲಿ ತೀರ್ಪು ನಮ್ಮ ಪರ ಬಂತು.

ಆದರೆ ಹಿಡಿದವರು ಸರ್ಕಾರವೇ ಅಲ್ಲದಿದ್ದರೆ? ಫಾದರ್ ಟಾಮ್ ಉಳುನ್ನಾಲಿಲ್ ನೆನಪಿರಬಹುದು. ಕೇರಳದವರು, ಬೆಂಗಳೂರು ಸಲೇಷಿಯನ್ ಪ್ರಾಂತ್ಯಕ್ಕೆ ಸೇರಿದ ಪಾದ್ರಿ. ಯೆಮನ್‌ನ ಏಡನ್‌ನಲ್ಲಿ ಮದರ್ ತೆರೇಸಾ ಸಂಸ್ಥೆಯ ವೃದ್ಧಾಶ್ರಮದಿಂದ 2016ರ ಮಾರ್ಚ್ 4ರಂದು ಬಂದೂಕುಧಾರಿಗಳು ಅವರನ್ನು ಹೊತ್ತೊಯ್ದರು. ನಾಲ್ವರು ಸಿಸ್ಟರ್‌ಗಳು ಸೇರಿ ಹದಿನಾರು ಮಂದಿಯನ್ನು ಅಂದೇ ಕೊಂದಿದ್ದರು. ಯುದ್ಧದಿಂದಾಗಿ ನಮ್ಮ ರಾಯಭಾರ ಕಚೇರಿ ಆ ದೇಶದಿಂದ ಹೊರಬಂದು ಆಗಲೇ ವರ್ಷವಾಗುತ್ತ ಬಂದಿತ್ತು. ಡಿಸೆಂಬರ್‌ನಲ್ಲಿ ಹೊರಬಂದ ವಿಡಿಯೊದಲ್ಲಿ ಅವರು, ನಾನು ಯುರೋಪಿನ ಪಾದ್ರಿಯಾಗಿದ್ದರೆ ಹೆಚ್ಚು ಗಮನ ಸಿಗುತ್ತಿತ್ತು ಎಂಬರ್ಥದ ಮಾತಾಡಿದ್ದರು. ಆ ಮಾತು ಅಪಹರಣಕಾರರು ಹೇಳಿಸಿದ್ದೇ ಇರಬಹುದು. ಆದರೂ ಕೇಳಿದಾಗ ಚುಚ್ಚಿತ್ತು. ಕೊನೆಗೆ ಒಮಾನ್ ನೆರವಿನಿಂದ 2017ರ ಸೆಪ್ಟೆಂಬರ್ 12ರಂದು ಬಿಡುಗಡೆ. ಒಂದೂವರೆ ವರ್ಷ!

ಒಂದು ಪ್ರಕರಣ ಮೂರು ದಿನದಲ್ಲಿ ಮುಗಿಯಿತು, ಇನ್ನೊಂದಕ್ಕೆ ಹದಿನೆಂಟು ತಿಂಗಳು ಬೇಕಾಯಿತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ಎರಡರಲ್ಲೂ ತನ್ನ ಬಾಗಿಲು ಮುಚ್ಚಿದ್ದಾಗ ಸರ್ಕಾರ ನೆರೆಮನೆಯ ಬಾಗಿಲು ತಟ್ಟಿತು. ಹಾಗೆ ತಟ್ಟುತ್ತಲೇ ಇರಬೇಕಾದರೆ ಊರಲ್ಲಿ ಯಾರಾದರೂ ಕೇಳುತ್ತಲೂ ಇರಬೇಕು. ನಾವು ಪತ್ರಕರ್ತರು ಮೊದಲ ವಾರ ದೊಡ್ಡ ಸುದ್ದಿ ಮಾಡಿ, ಆರನೇ ತಿಂಗಳಲ್ಲಿ ಮರೆತುಬಿಡುತ್ತೇವೆ. ಮನೆಯವರಿಗೆ ಮಾತ್ರ ಆರನೇ ತಿಂಗಳೂ ಮೊದಲ ವಾರದ ಹಾಗೇ ಇರುತ್ತದೆ.

ಅಮ್ಮನಿಗೆ ಅಂದು, 'ಪುಸ್ತಕ ತೋರಿಸಿದರೆ ಬಿಡಲ್ಲ ಅಮ್ಮ, ಆ ಪುಸ್ತಕ ಕೊಟ್ಟವರು ಬಂದು ಕೇಳಬೇಕು' ಅಂದೆ.

ಅವಳು ಪಾಸ್‌ಪೋರ್ಟನ್ನು ಸೆರಗಿನಿಂದ ಒರೆಸಿ, ರೇಷನ್ ಕಾರ್ಡ್ ಇಡುವ ಟ್ರಂಕಿನಲ್ಲಿ ಇಟ್ಟಳು.