ತಂತಿ ಕೂಡದೆ ದಾಟಿದ ಸಿಗ್ನಲ್

1980ರ ದಶಕದಲ್ಲಿ ನಾನು ಮಂಡ್ಯ ಸೀಮೆಯ ಸಕ್ಕರೆ ಕಾರ್ಖಾನೆಯೊಂದರ ಇನ್‌ಸ್ಟ್ರುಮೆಂಟ್ ವಿಭಾಗಕ್ಕೆ ಸೇರಿದಾಗ, ಬಾಯ್ಲರಿನ ಸುದ್ದಿ ಕಂಟ್ರೋಲ್ ರೂಮಿಗೆ ಗಾಳಿಯಲ್ಲಿ ಬರುತ್ತಿತ್ತು. ಸಣ್ಣ ತಾಮ್ರದ ಕೊಳವೆಗಳಲ್ಲಿ 3ರಿಂದ 15 ಪಿಎಸ್‌ಐ ಒತ್ತಡ; ಅದು ಏರಿದಂತೆ ಮೀಟರಿನ ಮುಳ್ಳೂ ಏರುವುದು. ಕೊಳವೆಗೆ ನೀರು, ಎಣ್ಣೆ ಸೇರಿದರೆ ತಕರಾರು. ಆದರೆ ಗಾಳಿಗೆ ಕರೆಂಟಿನ ಕಾಟವಿರಲಿಲ್ಲ.

ಆಮೇಲೆ 4-20 ಮಿಲಿಆಂಪ್ ಬಂತು. ಎರಡು ತಂತಿ ಎಳೆದರೆ ಮುಗಿಯಿತು. ಅಳತೆ ಸೊನ್ನೆಯಿದ್ದರೂ 4 ಮಿಲಿಆಂಪ್ ಹರಿಯಲೇಬೇಕು. ಏನೂ ಹರಿಯದಿದ್ದರೆ ತಂತಿ ಕಡಿದಿದೆ ಎಂದು ಕೂತಲ್ಲೇ ತಿಳಿಯುತ್ತಿತ್ತು. ಜೊತೆಗೊಂದು ಪೀಡೆಯೂ ಬಂತು. ಕಬ್ಬು ಅರೆಯುವ ಹಂಗಾಮಿನಲ್ಲಿ ದೊಡ್ಡ ಮೋಟಾರು ಚಾಲೂ ಆದೊಡನೆ ಬಾಯ್ಲರ್ ಡ್ರಮ್ಮಿನ ನೀರಿನ ಮಟ್ಟ ತೋರಿಸುವ ಮೀಟರು ಕುಣಿಯುತ್ತಿತ್ತು. ಟ್ರಾನ್ಸ್‌ಮಿಟರ್ ಬದಲಾಯಿತು, ಕೇಬಲ್ ಬದಲಾಯಿತು, ಕುಣಿತ ನಿಲ್ಲಲಿಲ್ಲ. ಕಾರಣ ನೆಲದಲ್ಲಿತ್ತು. ಬಾಯ್ಲರ್ ಮನೆಯ ಅರ್ಥಿಂಗ್ ಬೇರೆ, ಕಂಟ್ರೋಲ್ ರೂಮಿನದು ಬೇರೆ. ಎರಡರ ನಡುವೆ ಕೆಲವೇ ವೋಲ್ಟ್ ವ್ಯತ್ಯಾಸವಿದ್ದರೂ ಸಿಗ್ನಲ್ ತಂತಿಯನ್ನೇ ದಾರಿ ಮಾಡಿಕೊಂಡು ಬೇಡದ ಕರೆಂಟ್ ಹರಿಯುತ್ತದೆ. ಬಾಯ್ಲರಿನವರು ಮೀಟರನ್ನು ನಂಬದೆ, ಗಾಜಿನ ಗೇಜು ನೋಡಲು ಸೆಕೆಯಲ್ಲಿ ಮೆಟ್ಟಿಲು ಹತ್ತಿಳಿಯುತ್ತಿದ್ದರು.

ಆ ಮೆಟ್ಟಿಲು ತಪ್ಪಿಸಿದ್ದು ಸಿಗ್ನಲ್ ಐಸೊಲೇಟರ್. ಒಳಬಂದ ಕರೆಂಟನ್ನು ತುಂಡರಿಸಿ, ಪುಟ್ಟ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರದ ಮೂಲಕ ದಾಟಿಸಿ, ಆಚೆ ಮತ್ತೆ ಮೊದಲಿನಂತೆ ಕೊಡುತ್ತದೆ. ಆನ್-ಆಫ್ ಸಿಗ್ನಲ್‌ಗಳಿಗೆ ಆಪ್ಟೊಕಪ್ಲರ್: ಈ ಬದಿಗೆ ಎಲ್‌ಇಡಿ, ಆ ಬದಿಗೆ ಬೆಳಕು ಬಿದ್ದರೆ ತೆರೆದುಕೊಳ್ಳುವ ಟ್ರಾನ್ಸಿಸ್ಟರ್. ನಡುವೆ ದಾಟುವುದು ಬೆಳಕು ಮಾತ್ರ. ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ತಂದ ಎಂಸಿಟಿ2ಇ ಚಿಪ್ಪುಗಳನ್ನು ನಾವೇ ಬೆಸುಗೆ ಹಾಕುತ್ತಿದ್ದೆವು. ಎರಡೂ ಬದಿಗೆ ಒಂದೇ 24 ವೋಲ್ಟ್ ಸಪ್ಲೈ ಕೊಟ್ಟರೆ ಬೇರ್ಪಡಿಸಿದ್ದೆಲ್ಲ ವ್ಯರ್ಥ ಎಂಬುದನ್ನು ಹಿರಿಯರೊಬ್ಬರು ಕಲಿಸಿಕೊಟ್ಟರು.

ಒಮ್ಮೆ ಕೇಬಲ್ ಟ್ರೇಯಲ್ಲಿ ಇನ್ಸುಲೇಷನ್ ಸವೆದು 415 ವೋಲ್ಟಿನ ತಂತಿ ಸಿಗ್ನಲ್ ತಂತಿಗೆ ತಗುಲಿತು. ಐಸೊಲೇಟರಿನ ಫೀಲ್ಡ್ ಬದಿ, ಅಂದರೆ ಯಂತ್ರಗಳತ್ತಣ ಬದಿ, ಸುಟ್ಟಿತು. ಆಚೆ ಬದಿಯಲ್ಲಿದ್ದ, ಯಂತ್ರಗಳನ್ನು ನಿಯಂತ್ರಿಸುವ ಪಿಎಲ್‌ಸಿ ಕಂಪ್ಯೂಟರ್ ಉಳಿಯಿತು, ಪ್ಯಾನೆಲ್ ಮೇಲೆ ಕೈಯಿಟ್ಟಿದ್ದ ಆಪರೇಟರ್‌ಗೂ ಏನೂ ಆಗಲಿಲ್ಲ.

ಈಗ ಕಟ್ಟಡದಿಂದ ಕಟ್ಟಡಕ್ಕೆ ಆಪ್ಟಿಕಲ್ ಫೈಬರ್ ಬಂದಿದೆ, ಚಿಪ್ಪಿನೊಳಗೇ ಟ್ರಾನ್ಸ್‌ಫಾರ್ಮರ್ ಕೂತಿದೆ. ಆದರೂ ಸಣ್ಣ ಘಟಕಗಳಲ್ಲಿ ಖರ್ಚು ಇಳಿಸಲು ಮೊದಲು ಕೈಬಿಡುವುದು ಐಸೊಲೇಟರನ್ನೇ. ಅದನ್ನು ಕೈಬಿಟ್ಟವರು ಉಳಿಸುವುದು ಹಣ. ಪಣಕ್ಕಿಡುವುದು ಮೀಟರ್ ನಂಬಿ ವಾಲ್ವ್ ತಿರುಗಿಸುವವನ ಜೀವ.